ಮರಿಯ ಮುಖ ಯಾವ ಕಡೆ

ಮರಿ ಸತ್ತು ಆರು ದಿನವಾದರೂ ಸಿಡುಕಿ ಅದನ್ನು ಕೆಳಗಿಟ್ಟಿರಲಿಲ್ಲ.

ಸಿಡುಕಿ ನಮ್ಮ ಮೃಗಾಲಯದ ಹೆಣ್ಣು ಗೊರಿಲ್ಲಾ. ವಯಸ್ಸು ಹದಿನೇಳು. ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ. ಬಾಳೆಹಣ್ಣಿನ ಮೇಲೆ ಒಂದು ಕಪ್ಪು ಚುಕ್ಕೆ ಕಂಡರೆ ಸಾಕು, ಕೊಟ್ಟವರ ಮುಖಕ್ಕೇ ಎಸೆಯುತ್ತಾಳೆ. ಆ ಹೆಸರಿಟ್ಟವಳು ನಾನು. ಅದು ನಿನಗೆ ಇಡಬೇಕಾಗಿದ್ದ ಹೆಸರು, ವಿಳಾಸ ತಪ್ಪಿ ಗೊರಿಲ್ಲಾಗೆ ಹೋಗಿದೆ ಎಂದು ಭಾವ ಹೇಳುತ್ತಿರುತ್ತಾರೆ. ಭಾವ ಎಂದರೆ ನನ್ನ ಗಂಡನ ಅಣ್ಣ. ಗೊರಿಲ್ಲಾ ಮನೆಯಲ್ಲಿ ಅವರದು ಮೂವತ್ತು ವರ್ಷದ ಕೆಲಸ, ಅವರ ಕೈಕೆಳಗೆ ನನ್ನದು ಹತ್ತೊಂಬತ್ತು. ಗುಡಿಸುವುದು, ಸೊಪ್ಪು ಕತ್ತರಿಸುವುದು, ಬಾಗಿಲು ಎಳೆಯುವುದು, ಬೀಗ ಬಿದ್ದಿದೆಯೇ ಎಂದು ಮೂರು ಸಲ ಜಗ್ಗಿ ನೋಡುವುದು, ಇಷ್ಟೇ ನಮ್ಮ ಜೀವನ. ಶನಿವಾರ ಶಾಲೆಯ ಮಕ್ಕಳು ಬಂದರೆ ಗಾಜಿನ ಮುಂದೆ ನಿಂತು, ಗೊರಿಲ್ಲಾಗಳು ಹೇಗೆ ಬದುಕುತ್ತವೆ ಎಂದು ಅರ್ಧ ಗಂಟೆ ಹೇಳುವ ಕೆಲಸವನ್ನೂ ನನ್ನ ತಲೆಗೇ ಕಟ್ಟಿದ್ದಾರೆ. ನನ್ನ ಬಾಯಿ ಒಳ್ಳೆಯದಲ್ಲ ಎಂದು ಆಫೀಸಿನಲ್ಲಿ ಎಲ್ಲರಿಗೂ ಗೊತ್ತು. ಮಕ್ಕಳಿಗೆ ಮಾತ್ರ ಅದು ಹಿಡಿಸುತ್ತದೆ.

ಮರಿ ಹನ್ನೊಂದು ದಿನ ಬದುಕಿತ್ತು. ಸಿಡುಕಿಗೆ ಅದೇ ಮೊದಲ ಮರಿ. ಹನ್ನೊಂದನೆಯ ಬೆಳಿಗ್ಗೆ ನಾನು ದೀಪ ಹಾಕಿ ನೋಡಿದಾಗ ಅದರ ಪುಟ್ಟ ಕೈ ತಾಯಿಯ ಕೂದಲನ್ನು ಹಿಡಿದಿರಲಿಲ್ಲ, ಸುಮ್ಮನೆ ಜೋತುಬಿದ್ದಿತ್ತು. ಅಂದಿನಿಂದ ಅವಳು ಒಂದು ಕೈಯಲ್ಲಿ ಅದನ್ನು ಹಿಡಿದು, ಉಳಿದ ಕೈಕಾಲುಗಳಲ್ಲಿ ಕುಂಟುತ್ತಾ ಓಡಾಡಿದಳು. ನೊಣ ಬಂದರೆ ಅಟ್ಟಿದಳು. ಬೆರಳ ತುದಿಯಲ್ಲಿ ಅದರ ರೆಪ್ಪೆ ಎತ್ತಿ ನೋಡಿದಳು, ಬಿಟ್ಟಳು, ಮತ್ತೆ ಎತ್ತಿ ನೋಡಿದಳು. ನೀರು ಕುಡಿದಳು, ಊಟ ಮುಟ್ಟಲಿಲ್ಲ. ಮನೆಯಲ್ಲಿ ಇನ್ನೂ ಮೂವರಿದ್ದಾರೆ: ಬೆಳ್ಳಿಬೆನ್ನಿನ ಗಂಡು ಯಜಮಾನ, ಎಲ್ಲರ ವಿಷಯದಲ್ಲೂ ಮೂಗು ತೂರಿಸುವುದರಿಂದ ನಾವು ಅತ್ತೆ ಎಂದು ಕರೆಯುವ ಹಿರಿಯಳು, ಅವಳ ಮೂರು ವರ್ಷದ ಮಗಳು ಪುಟಾಣಿ. ಮೂವರೂ ಸಿಡುಕಿಯಿಂದ ದೂರ ಕುಳಿತರು. ವಾಸನೆ ಬರತೊಡಗಿತ್ತು. ಆದರೂ ಮೂಗಿಗೆ ಬಟ್ಟೆ ಕಟ್ಟಿಕೊಂಡು ಅವಳ ಮುಂದೆ ಹೋಗಲು ಮನಸ್ಸು ಬರಲಿಲ್ಲ.

ಆರನೆಯ ದಿನ, ಶುಕ್ರವಾರ, ಮೃಗಾಲಯದ ಡಾಕ್ಟರಮ್ಮ ನಮ್ಮ ಅಡುಗೆ ಕೋಣೆಗೆ ಬಂದರು. ಹೆಸರಿಗೆ ಅಡುಗೆ ಕೋಣೆ, ಒಲೆ ಇಲ್ಲ. ಒಂದು ಸ್ಟೀಲಿನ ಮೇಜು, ತಕ್ಕಡಿ, ಕೋಸು ಕ್ಯಾರೆಟ್ಟುಗಳ ಬುಟ್ಟಿಗಳು, ಗೋಡೆಗೆ ತೂಗುಹಾಕಿದ ಚಾಕುಗಳು. ಡಾಕ್ಟರಮ್ಮನಿಗೆ ಇನ್ನೂ ಮೂವತ್ತೈದು ದಾಟಿಲ್ಲ. ನಿದ್ದೆಯಿಲ್ಲದೆ ಅವರ ಕಣ್ಣಿನ ಕೆಳಗೆ ಕಪ್ಪಾಗಿತ್ತು.

"ಅಕ್ಕಾ, ಇನ್ನು ಕಾಯೋಕಾಗಲ್ಲ," ಎಂದರು. "ಮರಿ ಯಾಕೆ ಸತ್ತಿತು ಅಂತ ನಂಗೆ ಗೊತ್ತಾಗ್ಬೇಕು. ಹೋದ ವಾರ ಎಲ್ಲಕ್ಕೂ ನೆಗಡಿ ಇತ್ತು. ಎದೆಗೆ ಕಫ ಕಟ್ಟಿ ಸತ್ತಿದ್ರೆ ಮುಂದಿನ ಸರದಿ ಪುಟಾಣಿದು. ನಾಳೆ ಮಧ್ಯಾಹ್ನ ಮೂರು ಗಂಟೆಗೆ ಸಿಡುಕಿಗೆ ಮತ್ತಿನ ಸೂಜಿ ಹೊಡೆದು ಮರೀನ ತಗೊಂಡ್ಬಿಡ್ತೀನಿ."

"ಹೊಡೀರಿ," ಎಂದೆ. "ಎರಡು ವರ್ಷದ ಹಿಂದೆ ಹಲ್ಲು ಕೀಳೋಕೆ ಹೊಡೆದಾಗ ಏನಾಯ್ತು ಅಂತ ಮರೆತ್ರಾ? ಉಸಿರು ನಿಂತಿತ್ತು ಅವಳದು. ನೀವೇ ಅವಳ ಎದೆ ಮೇಲೆ ಕೈಯಿಟ್ಟು ಒತ್ತಿದ್ರಿ."

"ಮರೆತಿಲ್ಲ. ಹೃದಯ ಸರಿ ಇಲ್ಲ ಅಂತ ಗೊತ್ತು. ಈ ಸಲ ಆರು ದಿನದ ಉಪವಾಸ ಬೇರೆ." ಅವರು ಮೇಜಿನ ಅಂಚನ್ನು ಹಿಡಿದುಕೊಂಡರು. "ಏಳದೇ ಇರೋ ಸಾಧ್ಯತೆನೇ ಜಾಸ್ತಿ. ನಿಮ್ಮ ಹತ್ರ ಬೇರೆ ದಾರಿ ಇದ್ರೆ ಹೇಳಿ."

ಕೋಸು ಹೆಚ್ಚುತ್ತಿದ್ದ ಭಾವ ತಲೆ ಎತ್ತದೆಯೇ ಹೇಳಿದರು: "ದಾರಿ ಇವಳ ನಾಲಗೆ ಮೇಲೇ ಇದೆ. 'ತೋರಿಸು' ಅಂದ್ರೆ ಸಾಕು, ಸಿಡುಕಿ ತಾನಾಗೇ ತಂದುಕೊಡ್ತಾಳೆ."

"ವಾಪಸ್ ಕೊಡ್ತೀನಿ ಅಂತ ನಂಬಿ ಕೊಡ್ತಾಳೆ ಭಾವ," ಎಂದೆ. ಚಾಕು ನಿಂತಿತು.

ವಿಷಯ ಇಷ್ಟು. ಸಿಡುಕಿಯ ತಾಯಿ ಅವಳನ್ನು ಹೆತ್ತ ಮೇಲೆ ಉಳಿಯಲಿಲ್ಲವಂತೆ; ಎಲ್ಲೋ ಬೇರೆ ಮೃಗಾಲಯದಲ್ಲಿ ಮನುಷ್ಯರೇ ಬಾಟಲಿ ಹಾಲು ಹಾಕಿ ಸಾಕಿದ್ದರು. ಹಾಗೆ ಬೆಳೆದ ಹೆಣ್ಣಿಗೆ ಮರಿಯನ್ನು ಏನು ಮಾಡಬೇಕೆಂದು ಗೊತ್ತಿರುವುದಿಲ್ಲ. ಅತ್ತೆಯನ್ನು ನೋಡಿ ಕಲಿಯಲಿ ಎಂದರೆ, ಆ ಮಹಾತಾಯಿ ಪುಟಾಣಿಯನ್ನು ಇವಳ ಹತ್ತಿರಕ್ಕೇ ಬಿಡುತ್ತಿರಲಿಲ್ಲ. ಅದಕ್ಕೇ ಸಿಡುಕಿ ಬಸುರಿಯಾದಾಗ ನಾನು ಗೊಂಬೆ ಕೊಟ್ಟು ಕಲಿಸಿದೆ. ಗೋಣಿಬಟ್ಟೆಗೆ ಹುಲ್ಲು ತುಂಬಿ ಗೊಂಬೆ ಹೊಲಿದುಕೊಟ್ಟವಳು ಭಾವನ ಹೆಂಡತಿ, ನನ್ನ ಓರಗಿತ್ತಿ. ನಾನು "ತೋರಿಸು" ಎಂದ ಕೂಡಲೇ ಸಿಡುಕಿ ಗೊಂಬೆಯನ್ನು ತಂದು ಜಾಲರಿಗೆ ಒತ್ತಿ ಹಿಡಿಯಬೇಕು. ಕಿಂಡಿ ತೆರೆದರೆ ಅದರೊಳಗೆ ಇಡಬೇಕು. ನಾನು ಎತ್ತಿಕೊಂಡು, ಹತ್ತು ಎಣಿಸಿ, ಗೊಂಬೆಯನ್ನು ಹಿಂದಿರುಗಿಸಿ ಒಂದು ದ್ರಾಕ್ಷಿ ಕೊಡುತ್ತಿದ್ದೆ. ನಾಳೆ ನಿಜವಾದ ಮರಿಗೆ ಕಾಯಿಲೆಯಾದರೆ ಔಷಧಿ ಹಾಕಿ ವಾಪಸ್ ಕೊಡಬಹುದಲ್ಲ, ಅದಕ್ಕೆ. ಆರು ತಿಂಗಳಲ್ಲಿ ನಾನೂರು ಸಲವಾದರೂ ಮಾಡಿದ್ದೇವೆ. ನಾನೂರು ಸಲವೂ ವಾಪಸ್ ಕೊಟ್ಟಿದ್ದೇನೆ. ಈ ಕೆಲಸದಲ್ಲಿ ಒಂದೇ ಒಂದು ಸಲ ಮಾತಿಗೆ ತಪ್ಪಿದರೆ ಮುಗಿಯಿತು, ಆಮೇಲೆ ಜಾಲರಿಯ ಬಳಿ ಯಾವ ಪ್ರಾಣಿಯೂ ಬರುವುದಿಲ್ಲ.

"ಅವಳೇ ಕೆಳಗಿಡ್ತಾಳೆ," ಎಂದೆ ಡಾಕ್ಟರಮ್ಮನಿಗೆ. "ನಾಳೆ ಮೂರರವರೆಗೂ ಟೈಮ್ ಇದೆಯಲ್ಲ. ಇವತ್ತು ನೀರು ಕುಡಿಯೋವಾಗ ಒಂದು ಗಳಿಗೆ ಕೆಳಗಿಡೋಕೆ ಹೋಗಿದ್ಲು."

ಅದು ನಿಜ. ಆದರೆ ಆ ಮಾತಿನ ಹಿಂದೆ ನನ್ನ ಸ್ವಾರ್ಥವೂ ಇತ್ತು, ಅದನ್ನು ಈಗ ಮುಚ್ಚಿಡುವುದಿಲ್ಲ. ಊರಿಗೆಲ್ಲ ಕಚ್ಚುವ ಆ ಗೊರಿಲ್ಲಾ ನನ್ನೊಬ್ಬಳನ್ನು ನಂಬಿದೆ ಎಂಬ ಹೆಮ್ಮೆ ನನಗಿತ್ತು. ಆ ನಂಬಿಕೆಗೆ ಮಸಿ ಬಳಿದುಕೊಳ್ಳಲು ನನಗೆ ಇಷ್ಟವಿರಲಿಲ್ಲ.

ಶನಿವಾರ ಬೆಳಿಗ್ಗೆಯೂ ಅವಳು ಮರಿಯನ್ನು ಕೆಳಗಿಡಲಿಲ್ಲ. ಹತ್ತು ಗಂಟೆಗೆ ಆಫೀಸಿನ ಸಾಹೇಬರು ಬಂದರು. ದೂರದಿಂದ ಒಂದು ಶಾಲೆಯ ಮಕ್ಕಳು ಬಂದಿದ್ದಾರೆ, ಮೂರು ತಿಂಗಳ ಹಿಂದೆಯೇ ಬರೆದು ತಿಳಿಸಿದ್ದರು, ಇಲ್ಲವೆನ್ನಲಾಗುವುದಿಲ್ಲ, ಮರಿ ಸತ್ತಾಗ ಗಾಜಿನ ಮುಂದೆ ಹಾಕಿದ್ದ ಪರದೆ ತೆಗೆಯಿರಿ ಎಂದರು.

"ಮರಿ ಎಲ್ಲಿ ಅಂತ ಕೇಳಿದ್ರೆ?"

"ಮಲಗಿದೆ ಅಂತ ಹೇಳಿ."

"ಏಳು ದಿನದಿಂದ ಮಲಗಿದೆ ಅಂತಾನಾ ಸಾರ್?"

ಸಾಹೇಬರು ನನ್ನನ್ನು ನೋಡಿ, ಭಾವನನ್ನು ನೋಡಿ, ಗಡಿಯಾರ ನೋಡಿ ಹೋದರು. ಉತ್ತರ ತೋಚದಿದ್ದಾಗ ಅವರು ಯಾವಾಗಲೂ ಗಡಿಯಾರ ನೋಡುತ್ತಾರೆ.

ಇಪ್ಪತ್ತೆಂಟು ಮಕ್ಕಳು, ಎಂಟೊಂಬತ್ತು ವರ್ಷದವರು, ಜೊತೆಗೆ ಒಬ್ಬ ಟೀಚರ್. ಗಾಜಿಗೆ ಮೂಗು ಅಂಟಿಸಿ ನಿಂತವು. ನಾನು ಪಾಠ ಶುರುಮಾಡಿದೆ. ಇಷ್ಟು ವರ್ಷ ಹೇಳಿ ಹೇಳಿ ಅದು ಬಾಯಿಪಾಠವಾಗಿಬಿಟ್ಟಿದೆ, ತಲೆ ಬೇರೆಲ್ಲಿದ್ದರೂ ನಾಲಗೆ ನಡೆಯುತ್ತದೆ.

"ಆ ಮೂಲೇಲಿ ಬೆನ್ನು ಬೆಳ್ಳಗಿರೋನು ಯಜಮಾನ. ನಿಮ್ಮ ಕ್ಲಾಸಿನ ಆರು ಜನ ಸೇರಿದ್ರೂ ಅವನಷ್ಟು ತೂಕ ಆಗಲ್ಲ. ಗಂಡಿಗೆ ವಯಸ್ಸಿಗೆ ಬಂದ್ಮೇಲೆ ಬೆನ್ನು ಹಂಗೆ ಬೆಳ್ಳಗಾಗುತ್ತೆ. ಎಲ್ಲಿಗೆ ಹೋಗ್ಬೇಕು, ಯಾವಾಗ ಉಣ್ಣಬೇಕು, ಎಲ್ಲಿ ಮಲಗಬೇಕು, ಎಲ್ಲಾ ಅವನದೇ ತೀರ್ಮಾನ. ಮನೇಲಿ ಜಗಳ ಆದ್ರೆ ಮಧ್ಯ ಹೋಗಿ ನಿಲ್ತಾನೆ. ನಿಮ್ಮನೇಲಿ ಯಾರು ನಿಲ್ತಾರೆ?"

"ಅಜ್ಜಿ!" ಎಂದು ಏಳೆಂಟು ಮಕ್ಕಳು ಕೂಗಿದವು.

"ಎದೆ ಬಡ್ಕೊಳ್ಳುತ್ತಾ ಆಂಟಿ?"

"ಬಡ್ಕೊಳ್ಳುತ್ತೆ. ಮುಷ್ಟಿ ಕಟ್ಟಿ ಅಲ್ಲ, ಹಿಂಗೆ ಅಂಗೈ ಬಗ್ಗಿಸಿ. ಅದು ಹೊಡೀತೀನಿ ಅಂತ ಅಲ್ಲ, ಹತ್ರ ಬರ್ಬೇಡ ಅಂತ. ಹೊಡೆದಾಟ ಆಗ್ದೇ ಇರ್ಲಿ ಅಂತಾನೇ ಅಷ್ಟು ಗಲಾಟೆ." ಮಕ್ಕಳೆಲ್ಲ ಮುಷ್ಟಿ ಬಿಚ್ಚಿ ಎದೆ ಬಡಿದುಕೊಂಡು ನೋಡಿದವು. "ಕಾಡಲ್ಲಿ ಇವು ಮಾಂಸ ತಿನ್ನಲ್ಲ. ಸೊಪ್ಪು, ದಂಟು, ಹಣ್ಣು, ಆಗಾಗ ಇರುವೆ. ಮೂರು ಹೊತ್ತೂ ಬರೀ ಸೊಪ್ಪು ಅಂದ್ರೆ ನೀವು ಅಳ್ತೀರಿ. ಸಂಜೆ ಆದ್ರೆ ಕೊಂಬೆ, ಎಲೆ ಬಗ್ಗಿಸಿ ಹಾಸಿಗೆ ಮಾಡ್ಕೊಳ್ತವೆ. ನಿನ್ನೆ ಹಾಸಿಗೇಲಿ ಇವತ್ತು ಮಲಗಲ್ಲ, ದಿನಾ ಹೊಸದು. ನಮಗೆ ಬೆರಳಚ್ಚು ಇದ್ದಹಾಗೆ ಇವಕ್ಕೆ ಮೂಗಿನ ಗೆರೆ. ಒಂದರ ಹಾಗೆ ಇನ್ನೊಂದಕ್ಕಿರಲ್ಲ. ನಮ್ಮ ನೆಗಡಿ ಇವಕ್ಕೆ ಅಂಟುತ್ತೆ, ಅದಕ್ಕೇ ಈ ಗಾಜು."

ಆಮೇಲೆ ಪಾಠದಲ್ಲಿ ಮರಿಯ ಭಾಗ ಬರುತ್ತದೆ. ನಾಲಗೆ ತಾನಾಗಿಯೇ ಅಲ್ಲಿಗೆ ಹೋಯಿತು. "ಹುಟ್ಟಿದಾಗ ಮರಿ ಎರಡು ಕಿಲೋ ಇದ್ರೆ ಹೆಚ್ಚು. ತಾಯಿ ಅದನ್ನ ಎದೆಗೆ ಒತ್ತಿ ಹಿಡ್ಕೊಂಡಿರುತ್ತೆ, ಮರಿ ಮುಖ ತಾಯಿ ಕಡೆಗೆ. ಹಸಿವಾದಾಗೆಲ್ಲ ಬಾಯಿಗೇ ಹಾಲು ಸಿಗುತ್ತೆ. ಮೂರ್ನಾಲ್ಕು ವರ್ಷ ಹಾಲು ಕುಡಿಯುತ್ತೆ."

"ಮರಿ ಎಲ್ಲಿ?" ಎಂದು ಕೇಳಿದವರು ಒಬ್ಬಿಬ್ಬರಲ್ಲ. ಅಷ್ಟರಲ್ಲಿ ಹಿಂದಿನ ಕಟ್ಟೆಯ ಮರೆಯಿಂದ ಸಿಡುಕಿ ಹೊರಗೆ ಬಂದು, ನನ್ನ ದನಿ ಕೇಳಿಯೋ ಏನೋ, ಗಾಜಿನ ಎದುರಿಗೇ ಕುಳಿತಳು. ಮಡಿಲಲ್ಲಿ ಅದು ಇತ್ತು. ಈಗ ಅದು ಮರಿಯಂತೆಯೂ ಕಾಣುತ್ತಿರಲಿಲ್ಲ.

ಮಲಗಿದೆ ಎಂದು ಹೇಳಲು ಬಾಯಿ ತೆರೆದೆ. ಅಷ್ಟು ಜೋಡಿ ಕಣ್ಣುಗಳಿಗೆ ಮಣ್ಣೆರಚಲು ನನ್ನಿಂದ ಆಗಲಿಲ್ಲ. "ಸತ್ತುಹೋಗಿದೆ," ಎಂದೆ. "ಏಳು ದಿನ ಆಯ್ತು. ತಾಯಿ ಬಿಡ್ತಾ ಇಲ್ಲ. ಕಾಡಲ್ಲೂ ಎಷ್ಟೋ ತಾಯಂದಿರು ಹೀಗೇ ಎತ್ತಿಕೊಂಡು ತಿರುಗ್ತವೆ."

ಟೀಚರ್ ನನ್ನನ್ನು ನುಂಗುವ ಹಾಗೆ ನೋಡಿದರು. ಮಕ್ಕಳು ಗಾಜಿನಿಂದ ಹಿಂದೆ ಸರಿಯಲಿಲ್ಲ. ಎರಡು ಜಡೆಯ ಒಬ್ಬ ಹುಡುಗಿ, ತುಂಬ ಹೊತ್ತಿನಿಂದ ಸಿಡುಕಿಯನ್ನೇ ನೋಡುತ್ತಿದ್ದವಳು, ಕೈ ಎತ್ತಿದಳು.

"ಆಂಟಿ, ಮರಿ ಮುಖ ತಾಯಿ ಕಡೆಗಿರುತ್ತೆ ಅಂದ್ರಲ್ಲ. ಇವಳು ಯಾಕೆ ನಮ್ಮ ಕಡೆ ಮಾಡ್ಕೊಂಡಿದಾಳೆ?"

"ಅದು, ಪುಟ್ಟಾ..." ಎಂದೆ.

ಸಿಡುಕಿ ಮರಿಯ ಬೆನ್ನನ್ನು ತನ್ನ ಎದೆಗೆ ಒತ್ತಿಕೊಂಡು, ಮುಖವನ್ನು ಹೊರಗೆ ಮಾಡಿ, ಎರಡೂ ಕೈಯಲ್ಲಿ ನೆಟ್ಟಗೆ ಹಿಡಿದು ಕುಳಿತಿದ್ದಳು. ಹುಟ್ಟಿದ ದಿನವೂ ಹೀಗೇ ಹಿಡಿದಿದ್ದಳು. ನಾನು ಕೇಳುವ ಮೊದಲೇ ತೋರಿಸಿದಳು ನೋಡಿ ಎಂದು ಆಗ ಭಾವನ ಮುಂದೆ ಕುಣಿದಾಡಿದ್ದೆ.

ಓರಗಿತ್ತಿ ಆ ಗೊಂಬೆಗೆ ಕಣ್ಣೆಂದು ಎರಡು ಕಪ್ಪು ಗುಂಡಿ ಹೊಲಿದಿದ್ದಳು. ನಿಜವಾದ ಮರಿ ಬಂದಾಗ ಔಷಧಿಯ ಬಾಟಲಿ ಬಾಯಿಗಿಡಬೇಕಾದರೆ ಮುಖ ನನಗೆ ಕಾಣಬೇಕಲ್ಲ? ಗುಂಡಿಗಳು ನನ್ನ ಕಡೆಗಿದ್ದರೆ ಮಾತ್ರ ದ್ರಾಕ್ಷಿ. ಅವಳ ಕಡೆಗಿದ್ದರೆ ದ್ರಾಕ್ಷಿ ಇಲ್ಲ, ಗದರುವುದು ಬೇರೆ. ನಾನೂರು ಸಲ. ತಾಯ್ತನ ಕಂಡರಿಯದ ಆ ಹೆಣ್ಣಿಗೆ, ಮರಿಯ ಮುಖ ನಿನ್ನ ಎದೆಯ ಕಡೆಗಿದ್ದರೆ ತಪ್ಪು ಎಂದು ಆರು ತಿಂಗಳು ಕುಳಿತು ಕಲಿಸಿದವಳು ನಾನು. ಆ ಹನ್ನೊಂದು ದಿನ ಮರಿಯನ್ನು ಗಮನಿಸಿ ಬರೆಯುವ ಪಟ್ಟಿಯಲ್ಲಿ ಗಂಟೆಗೊಂದು ಸಲ "ಎದೆಯ ಬಳಿ ಇದೆ" ಎಂದು ಗುರುತು ಹಾಕಿದವಳೂ ನಾನೇ. ಎದೆಯ ಬಳಿಯೇ ಇತ್ತು. ಬಾಯಿ ಮಾತ್ರ ಈ ಕಡೆಗಿತ್ತು. ನಡುವೆ ಯಾವಾಗಲೋ ಅದು ತಾನೇ ಒದ್ದಾಡಿ ತಿರುಗಿ ನಾಲ್ಕು ಗುಟುಕು ಕುಡಿದಿರಬೇಕು, ಅದಕ್ಕೇ ಹನ್ನೊಂದು ದಿನ.

ನಾನು ಗಾಜಿನ ಕೆಳಗಿನ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಟೀಚರ್ ಮಕ್ಕಳನ್ನು ಸಾಲು ಮಾಡಿಸಿಕೊಂಡು ಹೊರಟರು. ಆ ಹುಡುಗಿಗೆ ಉತ್ತರ ಸಿಗಲಿಲ್ಲ. ತಿರುಗಿ ತಿರುಗಿ ನೋಡುತ್ತಾ ಹೋದಳು.

ಅಡುಗೆ ಕೋಣೆಯಲ್ಲಿ ಡಾಕ್ಟರಮ್ಮ ಸೂಜಿಗೆ ಮದ್ದು ಅಳೆಯುತ್ತಿದ್ದರು. ಭಾವನೂ ಅಲ್ಲಿದ್ದರು. ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಭಾವನ ಮುಖ ಬಿಳಿಚಿಕೊಂಡಿತು.

"ಇದು ನಿಮ್ಮ ಊಹೆ ಅಕ್ಕಾ," ಎಂದರು ಡಾಕ್ಟರಮ್ಮ, ತುಂಬ ಮೆಲ್ಲಗೆ. "ಇರಬಹುದು, ಇಲ್ಲದೇನೂ ಇರಬಹುದು. ಊಹೆ ನಂಬ್ಕೊಂಡು ಪುಟಾಣೀನ ಬಿಡೋಕಾಗಲ್ಲ. ಹೊಟ್ಟೆ, ಶ್ವಾಸಕೋಶ ನೋಡಿದ್ರೇನೇ ಗೊತ್ತಾಗೋದು."

"ಸೂಜಿ ಒಳಗಿಡಿ," ಎಂದೆ. "ನಾನು ಕೇಳಿ ಇಸ್ಕೊಳ್ತೀನಿ."

"ನೀನು ಬೇಡ, ನಾನು ಮಾಡ್ತೀನಿ," ಎಂದರು ಭಾವ. "ಕೆಟ್ಟ ಹೆಸರು ನಂಗಿರ್ಲಿ. ನಂಗೇನು, ಇನ್ನೆರಡು ವರ್ಷಕ್ಕೆ ರಿಟೈರ್ಡು."

"ನಿಮ್ಮ ಮಾತು ಅವಳು ಯಾವತ್ತು ಕೇಳಿದಾಳೆ?" ಎಂದೆ. ಮರಿಯನ್ನು ಕಳೆದವಳು ನಾನು. ನನ್ನ ಹೆಮ್ಮೆ ಉಳಿಸಿಕೊಳ್ಳಲು ಹೋಗಿ ತಾಯಿಯನ್ನೂ ಕಳೆದರೆ ಆಮೇಲೆ ಯಾವ ಮುಖ ಹೊತ್ತು ಈ ಬಾಗಿಲು ತೆರೆಯಲಿ?

ಜಾಲರಿಯ ಪಕ್ಕದ ಕಿಂಡಿ ಎಂದರೆ ಗೋಡೆಯಲ್ಲಿ ಕೂರಿಸಿದ ಕಬ್ಬಿಣದ ಪೆಟ್ಟಿಗೆ. ಅದಕ್ಕೆ ಎರಡು ಮುಚ್ಚಳ, ಅವಳ ಕಡೆಗೊಂದು, ನಮ್ಮ ಕಡೆಗೊಂದು; ಒಂದು ತೆರೆದಾಗ ಇನ್ನೊಂದು ಮುಚ್ಚಿರುತ್ತದೆ. ಮುಕ್ಕಾಲಿ ಎಳೆದು ಕುಳಿತೆ. ನನ್ನ ದನಿ ನಡುಗಬಾರದು ಎಂದು ಎರಡು ಸಲ ಕೆಮ್ಮಿದೆ.

"ಸಿಡುಕಿ. ತೋರಿಸು."

ಅವಳು ತಕ್ಷಣ ಎದ್ದಳು. ಏಳು ದಿನದಿಂದ ಯಾರಾದರೂ ಆ ಮಾತು ಹೇಳಲಿ ಎಂದೇ ಕಾದಿದ್ದಳೋ ಏನೋ. ಕುಂಟುತ್ತಾ ಬಂದು ಮರಿಯನ್ನು ಜಾಲರಿಗೆ ಒತ್ತಿ ಹಿಡಿದಳು, ಕಲಿಸಿದ ಹಾಗೆಯೇ, ಮುಖ ನನ್ನ ಕಡೆಗೆ. ನೋಡು, ಏನಾಗಿದೆ ನೋಡು, ಸರಿ ಮಾಡು ಎನ್ನುವಂತೆ ಮರಿಯನ್ನೂ ನನ್ನನ್ನೂ ನೋಡಿದಳು. ನಾನು ಅವಳ ಕಡೆಯ ಮುಚ್ಚಳ ತೆರೆದೆ. ಮರಿಯನ್ನು ಪೆಟ್ಟಿಗೆಯೊಳಗೆ ಮಲಗಿಸಿ, ಜೋತುಬಿದ್ದ ಒಂದು ಕೈಯನ್ನು ಬೆರಳಿನಿಂದ ಒಳಕ್ಕೆ ಸರಿಸಿ, ಮುಚ್ಚಳಕ್ಕೆ ಸಿಗದ ಹಾಗೆ ನೋಡಿಕೊಂಡಳು. ಆಮೇಲೆ ಹಿಂದೆ ಸರಿದು ಕುಳಿತಳು.

ಮುಚ್ಚಳ ಹಾಕಿದೆ. ನನ್ನ ಕಡೆಯದನ್ನು ತೆರೆದೆ. ಡಾಕ್ಟರಮ್ಮ ಬಿಳಿ ಬಟ್ಟೆಯಲ್ಲಿ ಮರಿಯನ್ನು ಸುತ್ತಿಕೊಂಡು ಬಾಗಿಲು ದಾಟಿ ಹೋದರು. ಇಷ್ಟಕ್ಕೆ ಒಂದು ನಿಮಿಷವೂ ಹಿಡಿಯಲಿಲ್ಲ.

ಅವಳು ಕಾದಳು. ಹತ್ತು ಎಣಿಸುವಷ್ಟು ಹೊತ್ತು ಅವಳಿಗೆ ಚೆನ್ನಾಗಿ ಗೊತ್ತು. ಅದು ಮುಗಿದಾಗ ಮುಚ್ಚಳದ ಮೇಲೆ ಬೆರಳಿನ ಗೆಣ್ಣಿನಿಂದ ತಟ್ಟಿದಳು. ಕಿರುಚುತ್ತಾಳೆ, ಜಾಲರಿ ಅಲ್ಲಾಡಿಸುತ್ತಾಳೆ, ಮೈಮೇಲೆ ಸಗಣಿ ಎರಚುತ್ತಾಳೆ ಎಂದುಕೊಂಡಿದ್ದೆ, ಹಾಗೆ ಮಾಡಿದ್ದರೆ ಎಷ್ಟೋ ವಾಸಿಯಿತ್ತು. ಅವಳು ಎದ್ದು ಮೂಲೆಗೆ ಹೋಗಿ, ತಿನ್ನದೆ ಬಿಟ್ಟಿದ್ದ ಒಂದು ಕ್ಯಾರೆಟ್ ತಂದಳು. ನಾನು ಮುಚ್ಚಳ ತೆರೆದೆ. ಅದನ್ನು ಪೆಟ್ಟಿಗೆಯೊಳಗಿಟ್ಟಳು. ನೋಡುಗರ ಚಪ್ಪಲಿಯೋ ಟೋಪಿಯೋ ಒಳಗೆ ಬಿದ್ದರೆ ನಾವು ಅವಳ ಜೊತೆ ಹೀಗೇ ವ್ಯಾಪಾರ ಮಾಡುವುದು: ನೀನು ಅದು ಕೊಡು, ನಾನು ಇದು ಕೊಡುತ್ತೇನೆ. ಕ್ಯಾರೆಟ್ ತೆಗೆದುಕೊಂಡು ಖಾಲಿ ಪೆಟ್ಟಿಗೆಯನ್ನು ಅವಳ ಕಡೆಗೆ ತೆರೆದೆ. ಬಗ್ಗಿ ನೋಡಿದಳು. ಹೋಗಿ ಇನ್ನೊಂದು ತಂದಳು. ಆಮೇಲೆ ಅರ್ಧ ಕೋಸು. ಆಮೇಲೆ ಹಾಸಿಗೆಯ ಹುಲ್ಲು, ಒಂದು ಹಿಡಿ, ಇನ್ನೊಂದು ಹಿಡಿ.

"ಕಿಂಡಿಗೆ ಬೀಗ ಹಾಕಿ ಬಾರಮ್ಮ," ಎಂದರು ಭಾವ ಹಿಂದಿನಿಂದ.

"ನೀವು ಹೋಗಿ ಭಾವ."

ನಾಲ್ಕೂವರೆಗೆ ಗೋಡೆಯ ಫೋನು ಬಡಿದುಕೊಂಡಿತು. ಭಾವ ತೆಗೆದುಕೊಂಡು ಕೇಳಿಸಿಕೊಂಡರು, ಹೂಂ ಹೂಂ ಎಂದರು, ಇಟ್ಟರು. ನನ್ನ ಹತ್ತಿರ ಬಂದು ತಲೆಯ ಮೇಲೆ ಕೈಯಿಟ್ಟರು. ನಾನು ಮದುವೆಯಾಗಿ ಬಂದು ಇಪ್ಪತ್ತಾರು ವರ್ಷ, ಒಂದು ದಿನವೂ ಹಾಗೆ ಮಾಡಿದವರಲ್ಲ.

"ಶ್ವಾಸಕೋಶ ಚೆನ್ನಾಗಿದೆಯಂತೆ. ಪುಟಾಣಿಗೆ ಏನೂ ಭಯ ಇಲ್ಲವಂತೆ," ಎಂದರು. ಹೊಟ್ಟೆಯ ವಿಷಯ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಅಷ್ಟರಲ್ಲಿ ಸಿಡುಕಿಯ ಬಳಿ ಕೊಡಲು ಏನೂ ಉಳಿದಿರಲಿಲ್ಲ. ಬರಿಗೈಯಲ್ಲಿ ಸ್ವಲ್ಪ ಹೊತ್ತು ಜಾಲರಿಯ ಮುಂದೆ ಕುಳಿತಳು. ಆಮೇಲೆ ಪಕ್ಕಕ್ಕೆ ತಿರುಗಿ, ಚುಚ್ಚುಮದ್ದಿಗೆ ಒಡ್ಡುವ ಹಾಗೆ ಎಡ ಭುಜವನ್ನು ಜಾಲರಿಗೆ ಒತ್ತಿದಳು. ನಾನು ಅಲ್ಲಾಡದಿದ್ದುದನ್ನು ನೋಡಿ, ಹಲ್ಲು ನೋಡುವಾಗ ಮಾಡುವಂತೆ ಬಾಯಿ ಅಗಲಿಸಿ ತೋರಿಸಿದಳು. ಬಾಯಿ ಮುಚ್ಚಿ ಬಲಗಾಲಿನ ಅಂಗಾಲು ಎತ್ತಿದಳು. ಆಮೇಲೆ ಎಡಗಾಲಿನದು. ಆಮೇಲೆ ಕಿವಿ. ಅವಳು ಇಲ್ಲಿಗೆ ಬಂದ ನಾಲ್ಕು ವರ್ಷದಲ್ಲಿ ನಾನು ಕಲಿಸಿದ ಅಷ್ಟೂ, ಒಂದಾದ ಮೇಲೊಂದು, ಕೇಳದೆಯೇ ಮಾಡಿ ಮುಗಿಸಿ, ಬಗ್ಗಿ ಪೆಟ್ಟಿಗೆಯೊಳಗೆ ನೋಡಿದಳು. ಖಾಲಿಯಿತ್ತು. ಮತ್ತೆ ಭುಜದಿಂದ ಶುರು ಮಾಡಿದಳು.